ಅನುಕರಣದ ಚಿತ್ರವೂ ಚಿತ್ರಕಾರನ ಋಣವೂ

ಕಣ್ಣಿಗೆ ಗೋಚರವಲ್ಲದುದನ್ನು ಕಣ್ಣಿಗೆ ತೋರಿಸಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಶಿಲ್ಪಿಯು ದೇವತೆಗೆ ರೂಪವನ್ನು ಕೊಟ್ಟನು. ಜ್ಯೋತಿಷಿಯು ಗ್ರಹಗಳ ಚಾರವನ್ನು ಮರಳಿನ ಮೇಲೆ ಗೆರೆಯೆಳೆದು ತೋರಿಸಿದನು. ಭೂಗೋಳವನ್ನು ಬಲ್ಲವನು ಒಂದು ದೇಶವನ್ನೇ ಮೊಳದಗಲದ ಕಾಗದದಲ್ಲಿ ಅಡಗಿಸಿದನು. ಇವರೆಲ್ಲರೂ ತೋರಿಸುವ ಸಲುವಾಗಿ ಇಲ್ಲದುದನ್ನು ಕೊಂಚ ಸೇರಿಸಿದರು, ಇದ್ದುದನ್ನು ಬಹಳವಾಗಿ ಬಿಟ್ಟರು. ಹಾಗೆ ಮಾಡದೆ ತೋರಿಸುವುದು ಸಾಧ್ಯವೇ ಇಲ್ಲ. ಹೀಗಿರುವಲ್ಲಿ, ತೋರಿಸತಕ್ಕವನು ಎಷ್ಟನ್ನು ಸೇರಿಸಬಹುದು, ಎಷ್ಟನ್ನು ಬಿಡಬಹುದು, ಯಾವ ಎಲ್ಲೆಯನ್ನು ದಾಟಿದರೆ ಅವನ ಚಿತ್ರವು ಸುಳ್ಳಾಗುತ್ತದೆ ಎಂಬುದು ಧರ್ಮವಿಚಾರಕ್ಕೆ ಸೇರಿದ ಒಂದು ಪ್ರಶ್ನೆ. ಗಣಕಯಂತ್ರದ ತೆರೆಯ ಮೇಲೆ ಕಣಗಳ ಚಲನೆಯನ್ನು ಚಿತ್ರಿಸುವವರ ಕೆಲಸದಲ್ಲಿ ಈ ಹಳೆಯ ಪ್ರಶ್ನೆ ಇಂದು ಹೊಸದೊಂದು ವೇಷವನ್ನು ತೊಟ್ಟು ಬಂದಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಮಾಡುವುದು ಅನುಚಿತವಾಗಲಾರದು.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಭೌತಶಾಸ್ತ್ರಜ್ಞರು ಪ್ರಕೃತಿಯ ಕೆಲವು ವ್ಯಾಪಾರಗಳನ್ನು ಗಣಕಯಂತ್ರದೊಳಗೆ ಲೆಕ್ಕದ ರೂಪದಲ್ಲಿ ನಡೆಯಿಸಿ ನೋಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಅನುಕರಣವೆಂಬ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಈ ಅನುಕರಣಗಳ ಪೈಕಿ ಒಂದು ಬಗೆಯಲ್ಲಿ, ಇಡೀ ಸಮೂಹಕ್ಕೆ ಒಂದೇ ಸಮೀಕರಣವನ್ನು ಬರೆಯದೆ, ಸಮೂಹದಲ್ಲಿರುವ ಒಂದೊಂದು ವ್ಯಕ್ತಿಗೂ ಅದರದರ ಸ್ಥಾನವನ್ನೂ ವೇಗವನ್ನೂ ನಡೆವಳಿಕೆಯ ನಿಯಮವನ್ನೂ ಕೊಟ್ಟು ಬಿಟ್ಟುಬಿಡುತ್ತಾರೆ. ಅಂಥ ವ್ಯಕ್ತಿಗೆ ಏಜೆಂಟ್ ಎನ್ನುವರು, ಕರ್ತೃವೆನ್ನಬಹುದು. ತೊಗಲುಗೊಂಬೆಯಾಟದಲ್ಲಿ ಗೊಂಬೆಗಳೆಲ್ಲವೂ ಪರದೆಯ ಹಿಂದಿರುವವನ ಕೈಯಿಂದ ಆಡುತ್ತವೆ. ಇಲ್ಲಿ ಹಾಗಲ್ಲ, ಪ್ರತಿಯೊಂದು ಗೊಂಬೆಯೂ ತನ್ನ ನೆರೆಯ ಗೊಂಬೆಗಳನ್ನು ಮಾತ್ರ ನೋಡಿ ತಾನೇ ಹೆಜ್ಜೆಯಿಡುತ್ತದೆ. ಒಟ್ಟು ಆಟ ಏನಾಗುವುದೆಂಬುದನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಕರ್ತೃವು ಒಂದು ಅಣುವಾಗಬಹುದು, ಮರಳಿನ ಹರಳಾಗಬಹುದು, ಹಕ್ಕಿಯಾಗಬಹುದು, ಬಾಗಿಲಿನ ಕಡೆಗೆ ನುಗ್ಗುತ್ತಿರುವ ಮನುಷ್ಯನೂ ಆಗಬಹುದು.

ಯಂತ್ರವು ತನ್ನಷ್ಟಕ್ಕೆ ತಾನು ಕೊಡುವುದು ಅಂಕಿಗಳನ್ನು ಮಾತ್ರ. ಸಮತಲದ ಮೇಲೆ ಚಲಿಸುವ ೧,೦೦೦ ಕಣಗಳಿವೆಯೆಂದು ಭಾವಿಸಿರಿ. ಒಂದೊಂದಕ್ಕೂ ಸ್ಥಾನಕ್ಕೆ ಎರಡು, ವೇಗಕ್ಕೆ ಎರಡು, ಹೀಗೆ ನಾಲ್ಕು ಸಂಖ್ಯೆಗಳು. ಒಂದು ಹೆಜ್ಜೆಗೆ ೪,೦೦೦. ಸಾವಿರ ಹೆಜ್ಜೆಗಳು ಮುಗಿಯುವಾಗ ೪೦ ಲಕ್ಷ. ಇವನ್ನೆಲ್ಲ ಅಚ್ಚುಹಾಕಿಸಿ ಮುಂದಿಟ್ಟರೆ ಬೃಹಸ್ಪತಿಗೂ ಅದರ ಅರ್ಥ ಹೊಳೆಯಲಾರದು. ಅದೇ ಸಂಖ್ಯೆಗಳನ್ನು ಚುಕ್ಕೆಗಳಾಗಿ ತೆರೆಯ ಮೇಲೆ ಇಟ್ಟು, ಹೆಜ್ಜೆಗೊಮ್ಮೆ ಅಳಿಸಿ ಬರೆದರೆ, ಎಲ್ಲಿ ಗುಂಪು ಕಟ್ಟಿತು, ಎಲ್ಲಿ ಸುಳಿಯೆದ್ದಿತು, ಎಲ್ಲಿ ಹರಿವು ನಿಂತಿತು ಎಂಬುದು ಶಾಲೆಯ ಹುಡುಗನಿಗೂ ತಿಳಿಯುತ್ತದೆ. ಚಿತ್ರದ ಉಪಕಾರವು ಹೀಗೆ ಅಪಾರವಾದುದು.

ಇದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ದೃಷ್ಟಾಂತವುಂಟು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿದ್ದ ಬರ್ನಿ ಆಲ್ಡರ್ ಮತ್ತು ಥಾಮಸ್ ವೈನ್‌ರೈಟ್ ಎಂಬ ಇಬ್ಬರು ೧೯೫೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು ಗಣಕಯಂತ್ರದೊಳಗೆ ಗಟ್ಟಿಯಾದ ಗೋಲಿಗಳನ್ನು ಕಲ್ಪಿಸಿ ಓಡಿಸಿದ್ದರು. ಗೋಲಿಗಳಿಗೆ ಪರಸ್ಪರ ಆಕರ್ಷಣೆಯೆಂಬುದು ಲವಲೇಶವೂ ಇಲ್ಲ. ತಗುಲಿದಾಗ ಪುಟಿಯುವುದೊಂದೇ ಅವುಗಳ ಧರ್ಮ. ಇಂಥವು ಕೂಡಿ ಘನಪದಾರ್ಥವಾಗುವುವೆಂದು ಆಗ ಅನೇಕ ವಿದ್ವಾಂಸರು ನಂಬಿರಲಿಲ್ಲ. ಆದರೆ ಸಾಕಷ್ಟು ಒತ್ತಾಗಿ ತುಂಬಿದಾಗ ಅವು ತಾವಾಗಿಯೇ ಸಾಲುಗಟ್ಟಿ ನಿಂತುವು. ಮುಂದೆ ೧೯೫೯ರ ಪ್ರಬಂಧದಲ್ಲಿ ಅವರು ೩೨ ಗೋಲಿಗಳು ನಡೆದ ಜಾಡುಗಳನ್ನು ಕ್ಯಾಥೋಡ್ ಕಿರಣನಳಿಗೆಯ ಮುಖದ ಮೇಲೆ ಬೆಳಕಿನ ಗೆರೆಗಳಾಗಿ ಮೂಡಿಸಿ, ಅವುಗಳ ಛಾಯಾಚಿತ್ರವನ್ನು ಕೊಟ್ಟರು. ಒಂದು ಚಿತ್ರದಲ್ಲಿ ಪ್ರತಿ ಗೋಲಿಯೂ ತನ್ನ ಮನೆಯಂಗಳದಲ್ಲಿಯೇ ಸುತ್ತುತ್ತಿರುವ ಮಗುವಿನಂತೆ ಒಂದೆಡೆ ನೂಲಿನ ಉಂಡೆಯನ್ನು ಕಟ್ಟಿದೆ, ಅದು ಘನ. ಇನ್ನೊಂದರಲ್ಲಿ ಗೆರೆಗಳು ಅಂಕೆಯಿಲ್ಲದೆ ಒಂದನ್ನೊಂದು ಹಾದು ಅಲೆದಿವೆ, ಅದು ದ್ರವ. ಘನ ದ್ರವಗಳ ಭೇದವನ್ನು ಅಷ್ಟು ಸರಳವಾಗಿ ಅದಕ್ಕೆ ಮುಂಚೆ ಯಾರೂ ಕಣ್ಣಿಗೆ ಕಟ್ಟಿಸಿರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಹಾಗೆಯೇ ೧೯೮೭ರಲ್ಲಿ ಕ್ರೇಗ್ ರೆನಾಲ್ಡ್ಸ್ ಎಂಬವರು ಹಕ್ಕಿಗಳ ಹಿಂಡನ್ನು ತೆರೆಯ ಮೇಲೆ ಹಾರಿಸಿದರು. ನೆರೆಯವರಿಗೆ ಡಿಕ್ಕಿ ಹೊಡೆಯಬೇಡ, ನೆರೆಯವರು ಹೋಗುವ ದಿಕ್ಕಿಗೆ ಹೋಗು, ನೆರೆಯವರಿಂದ ದೂರವಾಗಬೇಡ ಎಂಬ ಮೂರೇ ನಿಯಮಗಳು. ಹಿಂಡೆಂಬುದರ ಬಗ್ಗೆ ಯಾವ ಹಕ್ಕಿಗೂ ಒಂದಕ್ಷರ ಹೇಳಿರಲಿಲ್ಲ; ಆದರೂ ಹಿಂಡು ಕಟ್ಟಿತು, ಕಂಬಗಳ ಎರಡು ಪಕ್ಕದಲ್ಲಿ ಒಡೆದು ಹಾರಿ ಮತ್ತೆ ಕೂಡಿತು. ಸಂಖ್ಯೆಗಳನ್ನು ಓದಿ ಇದನ್ನು ಒಪ್ಪಿಕೊಳ್ಳುವವರು ವಿರಳ. ಚಿತ್ರವನ್ನು ನೋಡಿ ಅಲ್ಲವೆನ್ನುವವರು ಇನ್ನೂ ವಿರಳ.

ಆದರೆ ಚಿತ್ರದ ಬಲವು ಎಲ್ಲಿದೆಯೋ ಅದರ ಅಪಾಯವೂ ಅಲ್ಲಿಯೇ ಇದೆ. ಅದು ನಿರ್ಮಾಣವಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ, ಹೆಜ್ಜೆಹೆಜ್ಜೆಗೂ ಚಿತ್ರಕಾರನ ಇಚ್ಛೆ ಒಳಹೊಗುತ್ತಿರುವುದು ಗೋಚರವಾಗುತ್ತದೆ.

ಮೊದಲನೆಯದು ಗಾತ್ರ. ಗಣಕದ ತೆರೆಯೆಂಬುದು ಪಿಕ್ಸೆಲ್ ಎಂಬ ಸಣ್ಣ ಸಣ್ಣ ಬೆಳಕಿನ ಬಿಂದುಗಳ ಹಾಸು. ಕಣವನ್ನು ಅದರ ನಿಜವಾದ ಪ್ರಮಾಣದಲ್ಲಿಯೇ ಬರೆದರೆ ಎಷ್ಟೋ ಸಲ ಅದು ಕಾಣುವುದೇ ಇಲ್ಲ. ಕಾಣಲೆಂದು ಹಿಗ್ಗಿಸಿದರೆ, ದೂರದೂರ ಇರುವ ಕಣಗಳು ಒಂದರ ಮೇಲೊಂದು ಏರಿದಂತೆ ತೋರುತ್ತವೆ. ಕುಗ್ಗಿಸಿದರೆ, ತಗುಲಿ ಪುಟಿದ ಕಣಗಳು ತಗುಲದೆಯೇ ಪುಟಿದಂತೆ ತೋರಿ, ನೋಡುವವನು ಇಲ್ಲದ ಶಕ್ತಿಯೊಂದನ್ನು ಊಹಿಸಿಕೊಳ್ಳುತ್ತಾನೆ.

ಎರಡನೆಯದು ಬಣ್ಣ. ವೇಗದ ಕಣಕ್ಕೆ ಕೆಂಪು, ನಿಧಾನದ ಕಣಕ್ಕೆ ನೀಲಿ ಎಂದು ಚಿತ್ರಕಾರನು ಗೊತ್ತುಮಾಡುತ್ತಾನೆ. ಕೆಂಪು ಕಣದಲ್ಲಿಲ್ಲ. ದಾಸವಾಳದ ಹೂವನ್ನು ಹತ್ತಿರವಿಟ್ಟಾಗ ಸ್ಫಟಿಕವು ಕೆಂಪಾಗಿ ತೋರುವಂತೆ, ಇದು ಉಪಾಧಿಯಿಂದ ಬಂದ ಬಣ್ಣ. ಕಾಮನಬಿಲ್ಲಿನ ಏಳು ಬಣ್ಣಗಳನ್ನೂ ಬಳಸಿದರಂತೂ ಇನ್ನೊಂದು ತೊಡಕು: ಸಂಖ್ಯೆಯು ಸಮನಾಗಿ ಏರುತ್ತಿದ್ದರೂ ಹಳದಿಯಿರುವ ಕಡೆ ಕಣ್ಣು ತಡೆದು ನಿಂತು, ಅಲ್ಲಿ ಒಂದು ಗಡಿಯಿದೆಯೆಂದು ಭ್ರಮಿಸುತ್ತದೆ. ಲೆಕ್ಕದಲ್ಲಿಲ್ಲದ ಗೋಡೆಯೊಂದು ನೋಡುವವನ ಮನಸ್ಸಿನಲ್ಲಿ ಎದ್ದುಬಿಡುತ್ತದೆ.

ಮೂರನೆಯದು ಕಾಲ. ಸಾಮಾನ್ಯವಾದ ತೆರೆಯು ಸೆಕೆಂಡಿಗೆ ೬೦ ಸಲ ಹೊಸ ಚಿತ್ರವನ್ನು ತಳೆಯುತ್ತದೆ. ಲೆಕ್ಕವು ಅದಕ್ಕಿಂತ ವೇಗವಾಗಿ ಸಾಗಿದರೆ ನಡುವಿನ ಹೆಜ್ಜೆಗಳು ಕಾಣದೆ ಹೋಗುತ್ತವೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರವು ಹಿಂದಕ್ಕೆ ತಿರುಗುವಂತೆ ತೋರುವುದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿಯೂ ಅದೇ ಮೋಸ ಸಂಭವಿಸಬಹುದು. ಲೆಕ್ಕವು ನಿಧಾನವಾದರೆ, ಚಿತ್ರಕಾರನು ಎರಡು ಸ್ಥಾನಗಳ ನಡುವೆ ತಾನೇ ಕೆಲವು ಸ್ಥಾನಗಳನ್ನು ಊಹಿಸಿ ಬರೆದು, ಚಲನೆಯನ್ನು ನುಣುಪುಗೊಳಿಸುತ್ತಾನೆ. ಆಗ ಕಣವು ಲೆಕ್ಕಕ್ಕೆ ಎಂದೂ ಬಾರದ ತಾಣಗಳಲ್ಲಿ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದು ಅಂಚು. ಕೊನೆಯಿಲ್ಲದ ವಿಸ್ತಾರವನ್ನು ಸಣ್ಣ ಪೆಟ್ಟಿಗೆಯಲ್ಲಿ ಅನುಕರಿಸುವುದಕ್ಕಾಗಿ, ಬಲಗಡೆಯಿಂದ ಹೊರಹೋದ ಕಣವನ್ನು ಎಡಗಡೆಯಿಂದ ಒಳಕ್ಕೆ ಬಿಡುವ ಸಂಪ್ರದಾಯವುಂಟು. ಲೆಕ್ಕದಲ್ಲಿ ಆ ಎರಡು ಅಂಚುಗಳು ಒಂದೇ. ಚಿತ್ರದಲ್ಲಿ ಮಾತ್ರ ಅವು ತೆರೆಯ ಎರಡು ತುದಿಗಳು. ಹೇಳದೆ ಇದ್ದರೆ ನೋಡುವವನು ಇದನ್ನು ಇಂದ್ರಜಾಲವೆಂದೇ ತಿಳಿಯುವನು.

ಇವೆಲ್ಲಕ್ಕಿಂತಲೂ ಗುರುತರವಾದ ದೋಷ ಇನ್ನೊಂದಿದೆ. ಕೆಲವರು ಅವಸರದಲ್ಲಿ ಲೆಕ್ಕವನ್ನೂ ಚಿತ್ರವನ್ನೂ ಒಂದೇ ಹಗ್ಗದಿಂದ ಬಿಗಿಯುತ್ತಾರೆ. ಒಂದು ಚಿತ್ರ ಬರೆದಾಗಲೆಲ್ಲ, ಹಿಂದಿನ ಚಿತ್ರದಿಂದ ಎಷ್ಟು ಹೊತ್ತು ಕಳೆಯಿತೋ ಅಷ್ಟು ಹೊತ್ತಿನ ಚಲನೆಯನ್ನು ಒಂದೇ ಹೆಜ್ಜೆಯಲ್ಲಿ ಲೆಕ್ಕಮಾಡುತ್ತಾರೆ. ಇದರ ಪರಿಣಾಮವನ್ನು ನೋಡಿರಿ. ಸೆಕೆಂಡಿಗೆ ೩ ಮೀಟರು ಓಡುವ ಕಣವು ಸೆಕೆಂಡಿನ ೬೦ನೆಯ ಒಂದು ಭಾಗದಲ್ಲಿ ೫ ಸೆಂಟಿಮೀಟರು ಸಾಗುತ್ತದೆ. ಅದರ ದಾರಿಯಲ್ಲಿ ೧ ಸೆಂಟಿಮೀಟರು ದಪ್ಪದ ಗೋಡೆಯಿದ್ದರೆ, ಒಂದು ಚಿತ್ರದಲ್ಲಿ ಕಣವು ಗೋಡೆಯ ಈಚೆಗಿದ್ದು ಮುಂದಿನ ಚಿತ್ರದಲ್ಲಿ ಆಚೆಗಿರಬಹುದು. ಗೋಡೆಯ ಗೊಡವೆಯೇ ಅದಕ್ಕೆ ತಟ್ಟಲಿಲ್ಲ. ಸೆಕೆಂಡಿಗೆ ಸಾವಿರ ಹೆಜ್ಜೆಯಿಡಬಲ್ಲ ಇನ್ನೊಂದು ಯಂತ್ರದಲ್ಲಿ ಅದೇ ಕಣವು ಹೆಜ್ಜೆಗೆ ೩ ಮಿಲಿಮೀಟರು ಸಾಗಿ, ಗೋಡೆಗೆ ತಗುಲಿ ಹಿಂದಕ್ಕೆ ಪುಟಿಯುತ್ತದೆ. ಹಾಗಾದರೆ ಗೋಡೆ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಪ್ರಕೃತಿಯ ನಿಯಮವಲ್ಲ, ಯಂತ್ರವು ಚಿತ್ರ ಬರೆಯುವ ಚುರುಕುತನ! ಸಾಕ್ಷಿಯಾಗಿ ನಿಲ್ಲಬೇಕಾದವನು ವಾದಿಪ್ರತಿವಾದಿಗಳ ಜಗಳಕ್ಕೆ ಕೈಹಾಕಿದಂತಾಯಿತು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಮೊದಲನೆಯವರು ಹೇಳುವುದೇನೆಂದರೆ: ಇಷ್ಟು ಕಲಬೆರಕೆಯಾಗುವ ಚಿತ್ರವು ಜ್ಞಾನಕ್ಕೆ ಯೋಗ್ಯವೇ ಅಲ್ಲ, ಸಂಖ್ಯೆಯೊಂದೇ ಪ್ರಮಾಣ, ಚಿತ್ರವು ಬಾಲಕರ ವಿನೋದಕ್ಕೆ ಇರಲಿ. ಎರಡನೆಯವರು ಇದಕ್ಕೆ ತದ್ವಿರುದ್ಧವಾಗಿ ವಾದಿಸುತ್ತಾರೆ: ಎಲ್ಲ ಚಿತ್ರವೂ ಕಲ್ಪಿತವಾದ ಮೇಲೆ ಒಂದು ಕಲ್ಪನೆಗೂ ಇನ್ನೊಂದಕ್ಕೂ ಭೇದವೇನು? ಕಣವು ಕೆಂಪಲ್ಲದಿದ್ದರೂ ಕೆಂಪು ಬಳಿಯಬಹುದಾದರೆ, ಅದರ ಓಟವನ್ನು ಕೊಂಚ ತಿದ್ದಿ ಅಂದಗೊಳಿಸುವುದರಲ್ಲಿ ಪಾಪವೆಲ್ಲಿಯದು? ಜನರಿಗೆ ಹಿತವಾಗುವಂತೆ ತೋರಿಸುವುದೇ ಚಿತ್ರಕಾರನ ಧರ್ಮ.

ಮೊದಲನೆಯ ಪಕ್ಷಕ್ಕೆ ಸಮಾಧಾನ ಸುಲಭ. ಸಂಖ್ಯೆಗಳೂ ಪ್ರಕೃತಿಯಲ್ಲ; ಅವೂ ಒಂದು ಬಗೆಯ ಬರವಣಿಗೆಯೇ. ೪೦ ಲಕ್ಷ ಸಂಖ್ಯೆಗಳ ಸರಾಸರಿಯನ್ನು ತೆಗೆದು ಒಂದು ಅಂಕಿಯನ್ನು ಮುಂದಿಡುವವನು, ಚಿತ್ರಕಾರನಿಗಿಂತ ಹೆಚ್ಚನ್ನೇ ಬಿಟ್ಟಿರುತ್ತಾನೆ. ಮೇಲಾಗಿ, ಲೆಕ್ಕದಲ್ಲಿ ನುಸುಳಿದ ಎಷ್ಟೋ ತಪ್ಪುಗಳು ಮೊದಲು ಬಯಲಿಗೆ ಬರುವುದು ಚಿತ್ರದಲ್ಲಿಯೇ. ಕಣವೊಂದು ಗೋಡೆಯೊಳಗೆ ಹೂತುಹೋದುದನ್ನು ಸರಾಸರಿಯು ಹೇಳುವುದಿಲ್ಲ. ಕಣ್ಣು ಕ್ಷಣದಲ್ಲಿ ಹೇಳುತ್ತದೆ.

ಎರಡನೆಯ ಪಕ್ಷವು ಅಷ್ಟು ಸುಲಭವಾಗಿ ಅಡಗುವುದಲ್ಲ. ಅದಕ್ಕೆ ಉತ್ತರವನ್ನು ನಮ್ಮ ಅಲಂಕಾರಶಾಸ್ತ್ರದಲ್ಲಿ ಹುಡುಕಿದರೆ ಪ್ರಯೋಜನವುಂಟು. ನಾಟ್ಯದ ರಸವನ್ನು ವಿಚಾರಮಾಡುತ್ತ ಶ್ರೀಶಂಕುಕನೆಂಬ ಆಚಾರ್ಯನು, ಅದು ಅನುಕರಣವೆಂದು ಪ್ರತಿಪಾದಿಸಿದನೆಂಬುದೂ, ಅವನ ಮತವು ಅಭಿನವಗುಪ್ತನ ವ್ಯಾಖ್ಯಾನದಲ್ಲಿಯೂ ಮಮ್ಮಟನ ಕಾವ್ಯಪ್ರಕಾಶದಲ್ಲಿಯೂ ಉಳಿದುಬಂದಿದೆಯೆಂಬುದೂ ಬಲ್ಲವರಿಗೆ ತಿಳಿದದ್ದೇ. ರಾಮನ ಪಾತ್ರದ ನಟನನ್ನು ನೋಡುವವನಿಗೆ ಆಗುವ ಜ್ಞಾನ ಯಾವ ಬಗೆಯದು? ಇವನೇ ರಾಮನೆಂಬ ನಿಶ್ಚಯವಲ್ಲ. ರಾಮನೆಂದುಕೊಂಡು ಆಮೇಲೆ ಅಲ್ಲವೆಂದು ತಿಳಿಯುವ ಭ್ರಾಂತಿಯಲ್ಲ. ರಾಮನೋ ಅಲ್ಲವೋ ಎಂಬ ಸಂಶಯವೂ ಅಲ್ಲ. ರಾಮನ ಹಾಗೆ ಇದ್ದಾನೆಂಬ ಸಾದೃಶ್ಯಜ್ಞಾನವೂ ಅಲ್ಲ. ಬರೆದ ಕುದುರೆಯನ್ನು ನೋಡಿ ಕುದುರೆಯೆನ್ನುವಾಗ ಆಗುವಂಥ, ಈ ನಾಲ್ಕಕ್ಕಿಂತಲೂ ಬೇರೆಯಾದ ಒಂದು ಪ್ರತೀತಿ ಅದು. ಇದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ಈ ಮತವನ್ನು ಮುಂದಿನವರು ರಸದ ವಿಷಯದಲ್ಲಿ ಒಪ್ಪಲಿಲ್ಲವೆಂಬುದು ನಿಜ. ಆದರೆ ಚಿತ್ರದ ವಿಷಯದಲ್ಲಿ ಅದರ ಹೊಳಹು ಇಂದಿಗೂ ಮಾಸಿಲ್ಲ.

ತೆರೆಯ ಮೇಲಿನ ಚುಕ್ಕೆಯನ್ನು ನೋಡಿ ಇದು ಅಣುವೆನ್ನುವವನು ಮೋಸಹೋದವನಲ್ಲ. ಗೋಡೆಯ ಮೇಲಿನ ಕುದುರೆಯನ್ನು ಹತ್ತಲು ಯಾರೂ ಹೋಗುವುದಿಲ್ಲ. ಆದರೆ ಅದೇ ಕುದುರೆಯನ್ನು ನೋಡಿ, ಕುದುರೆಗೆ ನಾಲ್ಕು ಕಾಲು, ಇಷ್ಟು ಉದ್ದದ ಕತ್ತು ಎಂದು ಮಗುವು ಕಲಿಯುತ್ತದೆ. ಚಿತ್ರಕಾರನು ಕುದುರೆಗೆ ನೀಲಿ ಬಣ್ಣ ಬಳಿದರೆ ಅದು ಅಲಂಕಾರವೆಂದು ಮಗು ತಿಳಿದೀತು. ಐದು ಕಾಲು ಬರೆದರೆ ಮಗು ತಪ್ಪು ಕಲಿಯುತ್ತದೆ. ಹೀಗೆ ಚಿತ್ರದಲ್ಲಿ ಎರಡು ಬಗೆಯ ಅಂಶಗಳಿವೆ. ಒಂದು, ಚಿತ್ರಕ್ಕೆ ಚಿತ್ರವಾಗಿ ಬೇಕಾದುದು. ಇನ್ನೊಂದು, ವಸ್ತುವಿನ ವಿಷಯವಾಗಿ ಚಿತ್ರವು ನುಡಿಯುವುದು. ಮೊದಲನೆಯದರಲ್ಲಿ ಚಿತ್ರಕಾರನಿಗೆ ಸ್ವಾತಂತ್ರ್ಯವುಂಟು. ಎರಡನೆಯದರಲ್ಲಿ ಅವನು ಋಣಿ. ಮೊದಲನೆಯದನ್ನು ಎರಡನೆಯದೆಂದು ನಂಬಿಸುವುದೇ ಸುಳ್ಳು. ಬಣ್ಣ ಬಳಿದುದು ಸುಳ್ಳಲ್ಲ. ಬಳಿದುದನ್ನು ಬಚ್ಚಿಟ್ಟುದು ಸುಳ್ಳು. ಓಟವನ್ನು ತಿದ್ದಿದ್ದಂತೂ ಬಚ್ಚಿಡದೆ ಫಲಿಸುವುದೇ ಇಲ್ಲ; ಆದುದರಿಂದ ಅದು ಎಲ್ಲೆಯ ಆಚೆಗಿನದು.

ಈ ಸಿದ್ಧಾಂತದಿಂದ ಚಿತ್ರಕಾರನಿಗೆ ಮೂರು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು, ಸಾಕ್ಷಿಯಂತೆ ತಟಸ್ಥನಾಗಿರುವುದು. ಸಾಂಖ್ಯರ ಪುರುಷನು ಪ್ರಕೃತಿಯ ಆಟವನ್ನು ನೋಡುವನೇ ಹೊರತು ಆಡಿಸುವುದಿಲ್ಲ. ಗಣಕಶಾಸ್ತ್ರದಲ್ಲಿ ಇದನ್ನೇ ಹೋಲುವ ಒಂದು ಕಟ್ಟಳೆಯನ್ನು ನಾರ್ವೆ ದೇಶದ ಟ್ರಿಗ್ವೆ ರೀನ್ಸ್‌ಕೌಗ್ ಎಂಬವರು ೧೯೭೯ರಲ್ಲಿ, ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದಾಗ, ರೂಪಿಸಿದರು. ವಸ್ತುವಿನ ಲೆಕ್ಕವೊಂದು, ಅದರ ದರ್ಶನವೊಂದು, ನೋಡುವವನ ಕೈಯಿಂದ ಬರುವ ಆಜ್ಞೆಗಳನ್ನು ಒಳಗೊಯ್ಯುವ ನಿಯಂತ್ರಣವೊಂದು. ಈ ಮೂರನ್ನೂ ಬೇರೆಬೇರೆಯಾಗಿ ಕಟ್ಟಬೇಕೆಂಬುದು ಅದರ ಸಾರ. ಇದನ್ನು ಅನುಕರಣಕ್ಕೆ ಅನ್ವಯಿಸಿದರೆ, ದರ್ಶನವು ಲೆಕ್ಕವನ್ನು ಓದಬಹುದು, ಅದರಲ್ಲಿ ಬರೆಯಕೂಡದು. ಲೆಕ್ಕದ ಹೆಜ್ಜೆಯು ತನ್ನ ಗೊತ್ತಾದ ಅಳತೆಯಲ್ಲಿಯೇ ಬೀಳಬೇಕು. ತೆರೆಯು ತನಗೆ ಬಿಡುವಾದಾಗ ಬಂದು ನೋಡಿಕೊಂಡು ಹೋಗಬೇಕು. ತೆರೆಯನ್ನು ಮುಚ್ಚಿಟ್ಟು ಓಡಿಸಿದರೂ, ತೆರೆದಿಟ್ಟು ಓಡಿಸಿದರೂ ಫಲವು ಒಂದೇ ಆಗಿರಬೇಕು. ಇದೇ ಈ ಕರ್ತವ್ಯದ ಒರೆಗಲ್ಲು. ನೋಡುವವನು ಕೈಚಾಚಿ ಒಂದು ಕಣವನ್ನು ಎಳೆದನಾದರೆ, ಅವನು ಆಗ ದ್ರಷ್ಟೃವಲ್ಲ, ಕರ್ತೃ. ಆ ಕ್ರಿಯೆಯು ಲೆಕ್ಕದಲ್ಲಿ ದಾಖಲಾಗಬೇಕು.

ಎರಡನೆಯ ಕರ್ತವ್ಯವು, ಸೇರಿಸಿದುದನ್ನೂ ಬಿಟ್ಟುದನ್ನೂ ಹೇಳುವುದು. ಇದರಲ್ಲಿ ಮೇಲ್ಪಂಕ್ತಿಯಾದವನು ಗಣಕಯಂತ್ರವೆಂಬುದೇ ಇಲ್ಲದ ಕಾಲದವನು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ಸದಾ ಮಿಡುಕಾಡುವುದನ್ನು ರಾಬರ್ಟ್ ಬ್ರೌನ್ ೧೮೨೭ರಲ್ಲಿ ಗಮನಿಸಿದ್ದನು. ಕಾಣದ ಅಣುಗಳ ತಾಡನೆಯಿಂದ ಅದು ಹೇಗೆ ಉಂಟಾಗುವುದೆಂಬುದನ್ನು ಐನ್‌ಸ್ಟೈನ್ ೧೯೦೫ರಲ್ಲಿ ಗಣಿತದಿಂದ ವಿವರಿಸಿದನು. ಫ್ರಾನ್ಸಿನ ಜೀನ್ ಪೆರಿನ್ ಸೂಕ್ಷ್ಮದರ್ಶಕದಲ್ಲಿ ಅಂಥ ಕಣಗಳ ಸ್ಥಾನವನ್ನು ೩೦ ಸೆಕೆಂಡಿಗೊಮ್ಮೆ ಗುರುತಿಸಿ, ಆ ಗುರುತುಗಳನ್ನು ನೇರ ಗೆರೆಗಳಿಂದ ಕೂಡಿಸಿ ಚಿತ್ರವನ್ನು ಬರೆದನು. ಆ ಚಿತ್ರವು ಲೋಕಪ್ರಸಿದ್ಧವಾಯಿತು. ಆದರೆ ಪೆರಿನ್ ಅದರ ಜೊತೆಯಲ್ಲಿಯೇ ಒಂದು ಎಚ್ಚರಿಕೆಯನ್ನೂ ಕೊಟ್ಟನು: ಇದು ಕಣವು ನಡೆದ ದಾರಿಯಲ್ಲ, ನೂರು ಪಟ್ಟು ಕಡಿಮೆ ಅಂತರದಲ್ಲಿ ಗುರುತಿಸಿದ್ದರೆ, ಇಲ್ಲಿಯ ಒಂದೊಂದು ನೇರ ಗೆರೆಯೂ ಇಡೀ ಚಿತ್ರದಷ್ಟೇ ಜಟಿಲವಾದ ಇನ್ನೊಂದು ಚಿತ್ರವಾಗುತ್ತಿತ್ತು ಎಂದು. ತಾನು ಎಳೆದ ಗೆರೆಯನ್ನು ತಾನೇ ಗೆರೆಯಲ್ಲವೆಂದು ಹೇಳುವ ಈ ಪ್ರಾಮಾಣಿಕತೆಯಿಂದ ಅವನ ಕೀರ್ತಿಗೆ ಕೊರತೆಯೇನೂ ಆಗಲಿಲ್ಲ. ಅಣುಗಳು ಇವೆಯೆಂಬುದನ್ನು ಲೋಕಕ್ಕೆ ಒಪ್ಪಿಸಿದ ಕಾರ್ಯಕ್ಕಾಗಿ ೧೯೨೬ರ ನೊಬೆಲ್ ಬಹುಮಾನವು ಅವನಿಗೆ ಸಂದಿತು.

ಮೂರನೆಯ ಕರ್ತವ್ಯವು ಎಲ್ಲಕ್ಕಿಂತ ಕಠಿನವಾದುದು: ಲೆಕ್ಕದ ತಪ್ಪನ್ನು ಚಿತ್ರದಲ್ಲಿ ಮುಚ್ಚದಿರುವುದು. ಎರಡು ಗೋಲಿಗಳು ಒಂದರೊಳಗೊಂದು ಹೊಕ್ಕಿರುವುದು ತೆರೆಯ ಮೇಲೆ ಕಂಡಿತೆಂದಿಟ್ಟುಕೊಳ್ಳಿರಿ. ಲೆಕ್ಕವನ್ನು ಸರಿಪಡಿಸುವುದಕ್ಕೆ ಒಂದು ವಾರ ಬೇಕು. ಚಿತ್ರದಲ್ಲಿ ಮಾತ್ರ ಅವನ್ನು ಒಂದಿಷ್ಟು ದೂರ ಸರಿಸಿ ಬರೆಯುವುದಕ್ಕೆ ಐದು ನಿಮಿಷ ಸಾಕು. ನಾಳೆ ದೊಡ್ಡವರು ನೋಡಲು ಬರುವರು. ಇಂಥ ಸಮಯದಲ್ಲಿ ಕೈ ಯಾವ ಕಡೆಗೆ ಹೋಗುತ್ತದೆಂಬುದರ ಮೇಲೆ ಚಿತ್ರಕಾರನ ಶೀಲವು ನಿಂತಿದೆ. ಮುಚ್ಚಿದರೆ ತಪ್ಪು ಹೋಗುವುದಿಲ್ಲ. ಅದರ ಗುರುತು ಮಾತ್ರ ಹೋಗುತ್ತದೆ. ರೋಗಿಯ ಹಣೆಗೆ ತಂಪಾದ ಗಂಧವನ್ನು ಬಳಿದು, ಜ್ವರವಿಲ್ಲ ನೋಡಿರೆಂದು ವೈದ್ಯನ ಕೈಯನ್ನು ಅಲ್ಲಿಗೆ ಒಯ್ದಂತೆ ಅದು.

ಚಿತ್ರವು ಸತ್ಯವಾಗಿದ್ದರೂ ಸೌಂದರ್ಯವು ಹೇಗೆ ಪ್ರಶ್ನೆಯನ್ನು ಮರೆಸಬಲ್ಲುದೆಂಬುದಕ್ಕೆ ಒಂದು ಉದಾಹರಣೆಯನ್ನು ಇಲ್ಲಿ ಹೇಳಬೇಕು. ೧೯೯೨ರಲ್ಲಿ ಮಾರ್ಟಿನ್ ನೋವಾಕ್ ಮತ್ತು ರಾಬರ್ಟ್ ಮೇ ಎಂಬವರು, ಚದುರಂಗದ ಹಾಸಿನಂಥ ಮನೆಗಳಲ್ಲಿ ಸಹಕಾರಿಗಳನ್ನೂ ವಂಚಕರನ್ನೂ ಕೂರಿಸಿ, ಪ್ರತಿಯೊಬ್ಬನೂ ತನ್ನ ನೆರೆಯಲ್ಲಿ ಹೆಚ್ಚು ಗಳಿಸಿದವನನ್ನು ಅನುಸರಿಸುವಂತೆ ಮಾಡಿದರು. ಇದು ಭೌತಶಾಸ್ತ್ರಕ್ಕೆ ಸೇರದಿದ್ದರೂ ಕರ್ತೃಗಳ ಅನುಕರಣವೇ. ತೆರೆಯ ಮೇಲೆ ನೀಲಿ, ಕೆಂಪು, ಹಸುರು, ಹಳದಿಗಳು ರತ್ನಗಂಬಳಿಯಂತೆ ಅರಳಿ ಅರಳಿ ಬದಲಾದುವು. ವಂಚಕರ ನಡುವೆಯೂ ಸಹಕಾರವು ಉಳಿಯಿತು. ಆದರೆ ಅಲ್ಲಿ ಎಲ್ಲರೂ ಒಂದೇ ಕ್ಷಣದಲ್ಲಿ, ಗಂಟೆ ಹೊಡೆದಂತೆ, ಮನಸ್ಸು ಬದಲಾಯಿಸುತ್ತಿದ್ದರು. ೧೯೯೩ರಲ್ಲಿ ಬರ್ನಾರ್ಡೊ ಹ್ಯೂಬರ್ಮನ್ ಮತ್ತು ನಟಾಲಿ ಗ್ಲಾನ್ಸ್ ಎಂಬವರು ಒಬ್ಬೊಬ್ಬರಾಗಿ ಬದಲಾಯಿಸುವಂತೆ ಮಾಡಿ ನೋಡಿದಾಗ, ಆ ಗಂಬಳಿ ಅರಳಲೇ ಇಲ್ಲ. ವಂಚಕರೇ ಹಾಸನ್ನೆಲ್ಲ ತುಂಬಿದರು. ಬೇರೆ ಪರಿಮಾಣಗಳನ್ನು ತೆಗೆದುಕೊಂಡರೆ ಸಹಕಾರವು ಹಾಗೂ ಉಳಿಯಬಹುದೆಂದು ಮೊದಲಿನವರು ೧೯೯೪ರಲ್ಲಿ ತೋರಿಸಿದರು. ಆ ಚರ್ಚೆ ಇಲ್ಲಿಗೆ ಬೇಡ. ಚಿತ್ರವು ಸುಳ್ಳು ಹೇಳಿರಲಿಲ್ಲ, ಲೆಕ್ಕದಲ್ಲಿದ್ದುದನ್ನೇ ತೋರಿಸಿತ್ತು. ಆದರೂ ಆ ಸೊಬಗಿಗೆ ಮನಸೋತವನು, ಈ ಸೊಬಗು ಯಾವ ಗಂಟೆಯ ತಾಳಕ್ಕೆ ಕುಣಿಯುತ್ತಿದೆಯೆಂದು ಕೇಳುವುದನ್ನು ಮರೆಯುವನು. ಸೌಂದರ್ಯವು ಪ್ರಮಾಣಗಳಲ್ಲಿ ಸೇರಿದುದಲ್ಲ.

ಇಷ್ಟೆಲ್ಲ ಗೋಲಿಗಳ ಮಾತು, ಸಂಸಾರಿಗಳಿಗೆ ಇದರಿಂದ ಏನಾಗಬೇಕೆಂದು ಕೆಲವರು ಕೇಳಬಹುದು. ಗೋಲಿಯ ಜಾಗದಲ್ಲಿ ಮನುಷ್ಯನನ್ನು ಇಟ್ಟರೆ ಉತ್ತರವು ದೊರೆಯುತ್ತದೆ. ೨೦೦೦ದ ಇಸವಿಯಲ್ಲಿ ಡಿರ್ಕ್ ಹೆಲ್ಬಿಂಗ್, ಇಲ್ಯೆಸ್ ಫರ್ಕಶ್, ತಮಾಶ್ ವಿಚೆಕ್ ಎಂಬ ಮೂವರು, ಗಾಬರಿಗೊಂಡ ಜನಜಂಗುಳಿಯನ್ನು ಇದೇ ಬಗೆಯಾಗಿ ಅನುಕರಿಸಿದರು. ೧೫ ಮೀಟರು ಉದ್ದಗಲದ ಒಂದು ಕೊಠಡಿ. ೧ ಮೀಟರಿನ ಒಂದೇ ಬಾಗಿಲು. ಒಳ್ಳೆಯ ಗಟ್ಟಿ ಬಿಲ್ಲೆಗಳಂಥ ೨೦೦ ಜನರು. ಬಿಲ್ಲೆ ಬಿಲ್ಲೆಯನ್ನು ಒತ್ತುತ್ತದೆ, ಉಜ್ಜುತ್ತದೆ, ಬಾಗಿಲಿನ ಮುಂದೆ ಕಮಾನಿನಂತೆ ಕಟ್ಟಿಕೊಳ್ಳುತ್ತದೆ. ಎಲ್ಲರೂ ಬೇಗ ಹೊರಬೀಳಬೇಕೆಂದು ಒಂದು ಮಿತಿಗಿಂತ ಹೆಚ್ಚು ಅವಸರಪಟ್ಟಷ್ಟೂ ಹೊರಬೀಳುವುದು ತಡವಾಗುತ್ತದೆಂಬುದು ಅವರು ಕಂಡ ಮುಖ್ಯಾಂಶ. ಬಿಲ್ಲೆಯ ಸುತ್ತಳತೆಯ ಮೀಟರಿಗೆ ೧,೬೦೦ ನ್ಯೂಟನ್‌ಗಿಂತ ಹೆಚ್ಚಿನ ಒತ್ತಡ ಬಿದ್ದರೆ, ಆ ಮನುಷ್ಯನು ಗಾಯಗೊಂಡನೆಂದೂ ಇನ್ನು ಮೇಲೆ ಚಲಿಸದೆ ಇತರರಿಗೆ ಅಡ್ಡಿಯಾಗುವನೆಂದೂ ಅವರ ನಿಯಮ.

ಇಂಥ ಚಿತ್ರಗಳನ್ನು ಮುಂದಿಟ್ಟುಕೊಂಡು ಸಭಾಮಂದಿರಗಳ ಬಾಗಿಲುಗಳನ್ನೂ ಜಾತ್ರೆಯ ದಾರಿಗಳನ್ನೂ ಗೊತ್ತುಮಾಡುವ ಕಾಲ ಇದು. ಇಲ್ಲಿ ಚಿತ್ರಕಾರನು ಚಲನೆಯನ್ನು ನುಣುಪುಗೊಳಿಸಿದರೆ, ಬಾಗಿಲಿನ ಮುಂದಿನ ತಡೆತಡೆದ ನೂಕಾಟವು ಹೊಳೆಯ ಹರಿವಿನಂತೆ ಶಾಂತವಾಗಿ ಕಾಣುತ್ತದೆ. ಬಿಲ್ಲೆಗಳನ್ನು ಚಿಕ್ಕದಾಗಿ ಬರೆದರೆ, ಉಸಿರಾಡಲು ಎಡೆಯಿಲ್ಲದಲ್ಲಿ ಎಡೆಯಿದ್ದಂತೆ ತೋರುತ್ತದೆ. ಗಾಯಗೊಂಡವನ ಬಣ್ಣವನ್ನು ಬೇರೆ ಮಾಡದಿದ್ದರೆ, ಅವನು ಸುಮ್ಮನೆ ನಿಂತವನಂತೆ ಕಾಣುತ್ತಾನೆ. ಅಷ್ಟೇ ಅಲ್ಲ; ಆ ಲೆಕ್ಕದಲ್ಲಿ ಪ್ರತಿಯೊಬ್ಬನೂ ೮೦ ಕಿಲೋಗ್ರಾಂ ತೂಗುವವನು. ಕೂಸನ್ನು ಎತ್ತಿಕೊಂಡ ತಾಯಿ ಅಲ್ಲಿಲ್ಲ, ಕೋಲೂರಿದ ಮುದುಕನಿಲ್ಲ, ಕೈತಪ್ಪಿದ ಮಗುವಿಲ್ಲ. ಅನುಕರಣಕ್ಕೆ ಇದು ದೋಷವಲ್ಲ. ಎಲ್ಲವನ್ನೂ ಹಿಡಿಯುವ ಅನುಕರಣವಿಲ್ಲ. ಆದರೆ ಇವರಿಲ್ಲವೆಂಬುದನ್ನು ಚಿತ್ರದ ಪಕ್ಕದಲ್ಲಿ ಬರೆಯದಿರುವುದು ದೋಷ. ಬಿಟ್ಟುದನ್ನು ಹೇಳದಿದ್ದರೆ, ನೋಡುವ ಅಧಿಕಾರಿಯು ಬಿಟ್ಟವರು ಲೋಕದಲ್ಲಿಯೇ ಇಲ್ಲವೆಂಬಂತೆ ಬಾಗಿಲನ್ನು ಕಟ್ಟಿಸುವನು. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ೧೧ ಮಂದಿ ಮಡಿದರು. ಜನಸಂದಣಿಯ ಲೆಕ್ಕವು ಯಾವುದೋ ದೂರದ ಪ್ರಯೋಗಶಾಲೆಯ ವಿನೋದವಲ್ಲವೆಂದು ಕನ್ನಡ ನಾಡಿನ ಮನೆಗಳಿಗೆ ಹೇಳಬೇಕಾದುದಿಲ್ಲ.

ಕೊನೆಯದಾಗಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಚಿತ್ರದ ಕೆಳಗೆ ಇಷ್ಟೊಂದು ವಿವರಣೆಗಳನ್ನು ಬರೆದರೆ ಓದುವವರು ಯಾರು? ಜನರಿಗೆ ಬೇಕಾದುದು ನೋಟ, ಟಿಪ್ಪಣಿಯಲ್ಲ. ಇದು ಲೋಕಾನುಭವಕ್ಕೆ ಹೊಂದಿದ ಮಾತೇ. ಆದರೆ ಸಾಲಪತ್ರದ ಷರತ್ತುಗಳನ್ನು ಸಾಲಗಾರನು ಓದುವುದಿಲ್ಲವೆಂಬ ಕಾರಣದಿಂದ ಸಾಹುಕಾರನು ಅವನ್ನು ಬರೆಯದೆ ಬಿಡಬಹುದೇ? ಓದುವುದು ಬಿಡುವುದು ನೋಡುವವನ ಧರ್ಮ. ಬರೆದಿಡುವುದು ತೋರಿಸುವವನ ಧರ್ಮ. ಒಬ್ಬನು ತನ್ನದನ್ನು ಮರೆತನೆಂದು ಇನ್ನೊಬ್ಬನ ಋಣ ತೀರುವುದಿಲ್ಲ. ಮೇಲಾಗಿ ನಿಪುಣನಾದ ಚಿತ್ರಕಾರನು ಹೆಚ್ಚು ಮಾತಿಲ್ಲದೆಯೇ ಹೇಳಬಲ್ಲನು. ಅಳತೆಯ ಪಟ್ಟಿಯೊಂದು, ಬಣ್ಣದ ಅರ್ಥವನ್ನು ತಿಳಿಸುವ ಸಾಲೊಂದು, ತೆರೆಯ ಮೇಲೆ ಕಳೆಯುವ ಒಂದು ಸೆಕೆಂಡು ಲೆಕ್ಕದ ಎಷ್ಟು ಕಾಲಕ್ಕೆ ಸಮವೆಂಬ ಅಂಕಿಯೊಂದು, ಊಹಿಸಿ ಬರೆದ ಸ್ಥಾನಗಳಿಗೆ ಮಸುಕಾದ ಗುರುತು. ಇಷ್ಟು ಇದ್ದರೆ ಬಹುಮಟ್ಟಿಗೆ ಋಣ ಸಂದಂತೆ.

ಇನ್ನು ನೋಡುವವರ ಪಾಲಿನ ಧರ್ಮವೂ ಉಂಟು. ಅರುಂಧತಿಯನ್ನು ತೋರಿಸುವವನು ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸುತ್ತಾನೆ. ದೊಡ್ಡದರಲ್ಲಿಯೇ ಕಣ್ಣು ನೆಟ್ಟು ನಿಂತವನಿಗೆ ಅರುಂಧತಿಯು ಕಾಣುವುದಿಲ್ಲ. ತೆರೆಯ ಮೇಲಿನ ಚಿತ್ರವು ಆ ದೊಡ್ಡ ನಕ್ಷತ್ರದಂತೆ. ಅಲ್ಲಿಂದ ಕಣ್ಣನ್ನು ಮುಂದಕ್ಕೆ ನಡೆಯಿಸಿ, ಇದರಲ್ಲಿ ವಸ್ತುವಿನದೆಷ್ಟು, ಬರೆದವನದೆಷ್ಟು, ಬಿಟ್ಟುಹೋದುದೆಷ್ಟು ಎಂದು ವಿಚಾರಿಸುವವನಿಗೆ ಚಿತ್ರವು ಗುರುವಾಗುತ್ತದೆ. ಮಕ್ಕಳು ಇಂದು ಮನೆಯಲ್ಲಿಯೇ ಗಣಕದ ಮುಂದೆ ಕುಳಿತು ಇಂಥ ಕಣಗಳನ್ನು ಓಡಿಸಿ ಆಡುತ್ತಿದ್ದಾರೆ. ನಾಳೆ ಅವರಲ್ಲಿ ಕೆಲವರು ಬಾಗಿಲುಗಳನ್ನೂ ಸೇತುವೆಗಳನ್ನೂ ಇಂಥ ಚಿತ್ರಗಳನ್ನು ನೋಡಿಯೇ ನಿರ್ಣಯಿಸುವರು. ಚೆನ್ನಾಗಿ ಕಾಣುವಂತೆ ಮಾಡುವುದನ್ನು ಅವರು ತಾವಾಗಿಯೇ ಕಲಿಯುತ್ತಾರೆ. ಚೆನ್ನಾಗಿ ಕಾಣದಿದ್ದುದನ್ನು ಹಾಗೆಯೇ ತೋರಿಸುವ ಧೈರ್ಯವನ್ನು ಮಾತ್ರ ಹಿರಿಯರು ಕಲಿಸಬೇಕಾಗುತ್ತದೆ.